ಇಷ್ಟು ಸಣ್ಣ ಬಾಗಿಲು

ಅಕ್ರೋಟಿನ ಹಸಿ ಸಿಪ್ಪೆ ಸುಲಿಯುತ್ತ ಕೂತಿದ್ದೇವೆ
ಓಜುರ್ಗೇತಿಯ ಮನೆಯ ಮರದ ಮೆಟ್ಟಿಲ ಮೇಲೆ
ನಾನು, ನಾನುಲಿ.
ಇಬ್ಬರ ಬೆರಳೂ ಕಪ್ಪು. ತೊಳೆದರೆ ಹೋಗದ ಕಪ್ಪು,
ಹಿಮ ಬೀಳುವ ಹೊತ್ತಿಗೆ ತಾನಾಗಿ ಹೋಗುತ್ತದೆ ಎಂದಿದ್ದೇನೆ.

ಏಳು ವರ್ಷದವಳು. ಒಂದೊಂದು ಕಾಯಿಗೆ ಒಂದೊಂದು ಪ್ರಶ್ನೆ.
ದೇದಾ, ನಾನು ಹುಟ್ಟಿದ ದಿನ ಮಳೆ ಇತ್ತಾ?
ಇತ್ತು. ಅದು ನಿಜ.
ಎಷ್ಟು ತೂಕ ಇದ್ದೆ?
ಒಂದು ಎಳೆ ಕೋಳಿಯಷ್ಟು. ಅದೂ ನಿಜ,
ಎತ್ತಿಕೊಂಡವಳಿಗೆ ಗೊತ್ತಿರುತ್ತದೆ.
ಒಳಗಿದ್ದಾಗ ಒದೆಯುತ್ತಿದ್ದೆನಾ?

ಒಳಗಿದ್ದದ್ದು ಉಣ್ಣೆ, ಮಗಳೇ.
ಕುರಿಯ ಉಣ್ಣೆ, ತಿಂಗಳಿಗೆರಡು ಹಿಡಿ ಹೆಚ್ಚಿಸುತ್ತ
ಲಂಗದೊಳಗೆ ಕಟ್ಟಿಕೊಂಡು ಚಹಾ ಕಾರ್ಖಾನೆಗೆ ಹೋದೆ.
ಜೊತೆಯವರು ಬುಟ್ಟಿ ಎತ್ತಲು ಬಿಡಲಿಲ್ಲ.
ಎದುರುಮನೆಯ ಮುದುಕಿ ಕೈಯಿಟ್ಟು ನೋಡಿ
ಗಂಡೇ, ಎಂದಳು; ಜೋರಾಗಿ ಒದೀತಾನೆ, ಎಂದಳು.
ಹೌದೆಂದೆ. ಆ ಕ್ಷಣ ನನಗೂ ಒದ್ದಂತಾಯಿತು, ದೇವರಾಣೆ.

ಆಮೇಲೆ ಅದನ್ನೇ ಬಿಡಿಸಿ ನಿನಗೆ ಹಾಸಿಗೆ ಹೊಲಿದೆ,
ಕೈಯಲ್ಲೇ; ಹೊಲಿಗೆ ಯಂತ್ರ ಆಗಲೇ ಹೋಗಿತ್ತು.
ಹೊಲಿಗೆ ಯಂತ್ರ, ಅತ್ತೆಯ ಓಲೆ, ವಾಲಿಕೋನ ಮೋಟಾರು ಸೈಕಲ್ಲು,
ಅಷ್ಟೂ ಸಾಲದೆ ತುಂಬು ಗಬ್ಬದ ಹಸು.
ಹೆತ್ತೆ ಎನ್ನಲು ಬಾಯಿ ತೆರೆದರೆ
ನಾಲಿಗೆ ಹಲ್ಲಿಗೆ ತಾಗಿ ತೆತ್ತೆ ಎಂದು ಬರುತ್ತದೆ.
ಒಂದೇ ಅಕ್ಷರ.

ಹೋದ ಚಳಿಗಾಲ ಕೇಳಿದ್ದಳು: ಎಲ್ಲಿಂದ ಬಂದೆ, ತೋರಿಸು.
ಅಪೆಂಡಿಕ್ಸಿನ ಗಾಯದ ಗುರುತು ತೋರಿಸಿದೆ.
ಇಷ್ಟು ಸಣ್ಣ ಬಾಗಿಲಾ! ಎಂದು ನಕ್ಕು
ತಲೆ ಬಗ್ಗಿಸಿ ಬಂದಿರಬೇಕು ನಾನು, ಎಂದಳು.
ಅಂದಿನಿಂದ ಮಲಗುವ ಮೊದಲು ಅದಕ್ಕೊಂದು ಮುತ್ತು.
ನಾನು ಗೋಡೆ ನೋಡುತ್ತೇನೆ.

ನಮ್ಮ ಮಾತಿನಲ್ಲಿ ತಾಯಿ ಎಂದರೆ ದೇದಾ. ಮಗುವನ್ನು ಮುದ್ದಿಗೆ
ತಾಯಿ ಕರೆಯುವುದೂ ದೇದಾ ಎಂದೇ.
ಕತ್ತಲಲ್ಲಿ ಯಾರಾದರೂ ಕಿವಿಗೊಟ್ಟರೆ
ಯಾರು ಯಾರನ್ನು ಹೆತ್ತರೆಂದು ತಿಳಿಯುವುದಿಲ್ಲ.
ಆ ಮಾತಿನ ಮರೆಯಲ್ಲಿ ಏಳು ವರ್ಷ ಬದುಕಿದ್ದೇನೆ.

ಏಪ್ರಿಲಿನ ಒಂದು ಸಂಜೆ ಪ್ರತಿವರ್ಷ
ಅವಳು ಕೆನ್ನೆ ಉಬ್ಬಿಸಿ ಮೇಣದ ಬತ್ತಿ ಆರಿಸುತ್ತಾಳೆ.
ಅದೇ ಸಂಜೆ ಎಲ್ಲೋ ಒಬ್ಬಳು
ಒಂದೇ ಒಂದು ಬತ್ತಿ ಹಚ್ಚುತ್ತಿರಬಹುದು,
ಗಾಳಿಗೆ ಕೈ ಅಡ್ಡ ಹಿಡಿದು.

ಆಸ್ಪತ್ರೆಯ ಹಿಂಬಾಗಿಲು. ಮಳೆ. ಸೂಲಗಿತ್ತಿ ಲಮಾರಾ
ನೋಟು ಎಣಿಸಿ, ಮಗುವನ್ನು ನನ್ನ ಕೋಟಿನೊಳಗಿಟ್ಟು
ಮುಖ ಬಿಳಿಚಿದೆಯಲ್ಲೇ, ಕುಡಿ,
ಎಂದು ಒಂದು ಲೋಟ ನೀರು ಕೊಟ್ಟಳು.
ಗೋಡೆಯಾಚೆ ಹೆಂಗಸಿನ ದನಿ, ಒಡಕು ದನಿ:
ಒಂದು ಸಲ ತೋರಿಸಿ. ತಣ್ಣಗಾಗಿದ್ದರೂ ಸರಿ, ಒಂದು ಸಲ.
ಅದು ಬೇರೆ ಯಾರೋ, ಎಂದಳು ಲಮಾರಾ.
ನಂಬಿದೆ. ನಂಬಿಕೆಯ ಬೆಲೆಯೂ ಸೇರಿತ್ತು ಆ ಲೆಕ್ಕದಲ್ಲಿ.
ನಾನುಲಿಗೆ ನೆಗಡಿಯಾಗಿ ಗಂಟಲು ಕಟ್ಟಿದಾಗಲೆಲ್ಲ
ಅದೇ ಒಡಕು ದನಿ
ನನ್ನ ಅಡುಗೆಮನೆಗೆ ಬಂದು ಜೇನು ಕೇಳುತ್ತದೆ.

ಬುಟ್ಟಿಯ ತಳ ಕಾಣುತ್ತಿದೆ. ಕೊನೆಯ ಕಾಯಿಗಳು.
ದೇದಾ, ನಾನು ಬಂದಾಗ ಮೊದಲು ಅತ್ತದ್ದು ಯಾರು?
ನೀನಾ, ನಾನಾ?
ನೀನೇ, ಎನ್ನಬೇಕು. ಎಲ್ಲ ತಾಯಂದಿರೂ
ಹಾಗೆಯೇ ಹೇಳುತ್ತಾರೆ, ಸುಲಭ.
ಇನ್ನೊಬ್ಬಳು ಅತ್ತಳು, ಎಂದಿತು ನನ್ನ ಬಾಯಿ.

ಅವಳು ಸುಲಿಯುವುದು ನಿಲ್ಲಿಸಲಿಲ್ಲ.
ಯಾರು ಎನ್ನಲಿಲ್ಲ. ಯಾಕೆ ಎನ್ನಲಿಲ್ಲ.
ತುಂಬಾ ಅತ್ತಳಾ?
ತುಂಬಾ.
ಅವಳಿಗೆ ಯಾರಾದರೂ ನೀರು ಕೊಟ್ಟರಾ?

ಲೋಟ ನನ್ನ ಕೈಯಲ್ಲಿತ್ತು, ದೇದಾ.
ಪೂರ್ತಿ ಕುಡಿದಿದ್ದೆ.